ಬಾಗಿಲು ಮುಚ್ಚುವ ರೈಲು, ಬಾಗಿಲಲ್ಲಿ ನೇತಾಡುವ ಜನ

ಮುಂಬೈಗೆ ಹೊಸ ರೈಲುಗಳು ಬಂದಿವೆ. ಒಳಗೆ ತಣ್ಣಗಿರುವ ರೈಲು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವ ರೈಲು. ಇನ್ನೂ ಇನ್ನೂರಕ್ಕೂ ಹೆಚ್ಚು ತರುತ್ತಾರಂತೆ. ಪತ್ರಿಕೆಯವರು ಫೋಟೋ ಹಾಕಿದ್ದಾರೆ. ಮಂತ್ರಿಗಳು ಹಸಿರು ಬಾವುಟ ಹಿಡಿದು ನಿಂತಿದ್ದಾರೆ. ಎಲ್ಲರೂ ಸಂತೋಷಪಡಿ ಅಂತ ಹೇಳುತ್ತಿದ್ದಾರೆ. ಸಂತೋಷಪಡೋಕೆ ನಾವೂ ತಯಾರಿದ್ದೀವಿ. ಆದರೆ ಅದಕ್ಕೆ ಮೊದಲು ಒಂದೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಈ ಬಾಗಿಲು ಯಾರನ್ನು ಒಳಗಿಟ್ಟುಕೊಂಡು ಮುಚ್ಚುತ್ತದೆ? ಯಾರನ್ನು ಹೊರಗೆ ನಿಲ್ಲಿಸಿ ಮುಚ್ಚುತ್ತದೆ?

ಬಾಗಿಲಿನ ಮಾತು ನಮಗೆ ಹೊಸದಲ್ಲ. ಗುಡಿಯ ಬಾಗಿಲು, ಹೋಟೆಲಿನ ಬಾಗಿಲು, ಗೌಡರ ಮನೆಯ ತಲೆಬಾಗಿಲು. ಇವುಗಳ ಹೊರಗೆ ನಿಂತು ನಿಂತು ನಮ್ಮ ಹಿರಿಯರ ಕಾಲು ಸವೆದಿವೆ. ಅದಕ್ಕೇ ಎಲ್ಲೇ ಒಂದು ಬಾಗಿಲು ಮುಚ್ಚುವ ಸದ್ದಾದರೂ ನಮ್ಮ ಕಿವಿ ನೆಟ್ಟಗಾಗುತ್ತದೆ.

"ಮುಂಬೈ ರೈಲು ಕಟ್ಟಿಕೊಂಡು ನಿಮಗೇನಾಗಬೇಕ್ರಪ್ಪ?" ಎಂದು ಕೆಲವರು ಕೇಳಬಹುದು. ಆಗಬೇಕಾದ್ದು ಬೇಕಾದಷ್ಟಿದೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕೇರಿಗಳಿಗೆ ಹೋಗಿ ನೋಡಿ. ಮಳೆ ಕೈಕೊಟ್ಟ ವರ್ಷ ಎಷ್ಟು ಮನೆಗಳಿಗೆ ಬೀಗ ಬಿದ್ದಿರುತ್ತದೆ ಎಣಿಸಿ. ಆ ಬೀಗದ ಕೀಲಿಕೈ ಮುಂಬೈಯಲ್ಲೋ ಪುಣೆಯಲ್ಲೋ ಇರುತ್ತದೆ. ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ, ಕಲ್ಯಾಣ್ - ಈ ಸ್ಟೇಷನ್ನುಗಳ ಹೆಸರು ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ. ಮುಂಬೈಯ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರಲ್ಲಿ, ಆಫೀಸುಗಳ ಕಸ ಹೊಡೆಯುವವರಲ್ಲಿ, ಗಟಾರಕ್ಕೆ ಇಳಿಯುವವರಲ್ಲಿ ನಮ್ಮವರಿದ್ದಾರೆ. ಮತ್ತೆ ಪ್ರತಿ ಡಿಸೆಂಬರ್ 6ಕ್ಕೆ ಬಾಬಾಸಾಹೇಬರಿಗೆ ನಮಸ್ಕಾರ ಮಾಡೋಕೆ ದಾದರಿನ ಚೈತ್ಯಭೂಮಿಗೆ ಹೋಗುವವರಲ್ಲಿ ನಾವೂ ಇದ್ದೀವಿ. ಆ ಊರಿನ ಲೋಕಲ್ ರೈಲು ನಮಗೂ ಸೇರಿದ್ದು.

ಹಾಗೆ ಡಿಸೆಂಬರಿನಲ್ಲಿ ಹೋದಾಗ ನಾವು ನಾಲ್ವರು ಗೆಳೆಯರು ಠಾಣೆಯ ಆಚೆ, ನಮ್ಮೂರಿನ ಚಿಗವ್ವ ಒಬ್ಬಾಕೆಯ ಖೋಲಿಯಲ್ಲಿ ಉಳಿದುಕೊಂಡಿದ್ದೆವು. ಹತ್ತಡಿ ಉದ್ದ, ಎಂಟಡಿ ಅಗಲದ ಖೋಲಿ. ಚಿಗವ್ವ ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಐದರ ರೈಲು ಹಿಡಿದು, ಎರಡು ಆಫೀಸು ಕಸ ಹೊಡೆದು ನೆಲ ಒರೆಸುವ ಹೆಂಗಸು. ಒಂದು ದಿನ ಆಕೆಯ ಮಗನ ಜೊತೆ ನಾವೂ ಎಂಟರ ಹೊತ್ತಿಗೆ ಸ್ಟೇಷನ್ನಿಗೆ ಹೋದೆವು. ಅವತ್ತು ತಡವಾಗಿ ಕೆಲಸಕ್ಕಿದ್ದುದರಿಂದ ಚಿಗವ್ವನೂ ಬಂದಿದ್ದಳು. ಪ್ಲಾಟ್‌ಫಾರಮ್ಮಿನ ತುಂಬಾ ಜನ, ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯುವಾಗಲೂ ಅಷ್ಟು ಜನ ಸೇರಲ್ಲ. ಆಗ ಒಂದು ರೈಲು ಬಂತು. ಕಿಟಕಿಗಳೆಲ್ಲ ಗಾಜು, ಬಾಗಿಲೆಲ್ಲ ಮುಚ್ಚಿದೆ. ನಾವು ಮುಂದೆ ನುಗ್ಗಿದೆವು. ಚಿಗವ್ವ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಯಾಕ ತಮ್ಮಾ, ಅದರ ಕಡೆ ಯಾಕ ಹೋಗ್ತಿ? ಅದು ನಮ್ಮ ಗಾಡಿ ಅಲ್ಲ. ಅದು ಹೋದ ಮ್ಯಾಲ ಬರ್ತದಲ್ಲ, ಅದು ನಮ್ದು."

ಬಾಗಿಲು ತೆರೆಯಿತು. ಸ್ವಲ್ಪ ಜನ ಹತ್ತಿದರು. ಬಾಗಿಲು ಮುಚ್ಚಿತು. ಉಳಿದ ಜಾತ್ರೆ ಉಳಿದ ಹಾಗೇ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿತು. ಆಮೇಲೆ "ನಮ್ಮ ಗಾಡಿ" ಬಂತು. ಅದು ಬರುವಾಗಲೇ ಬಾಗಿಲುಗಳಿಂದ ಜನ ಹೊರಕ್ಕೆ ಜೋತುಬಿದ್ದಿದ್ದರು. ಎರಡು ರೈಲಿನ ಜನ ಒಂದೇ ರೈಲಿಗೆ ಹತ್ತಿದೆವು. ಚಿಗವ್ವ ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತದ್ದು ಮಾತ್ರ ಕಂಡಿತು.

"ಅದು ನಮ್ಮ ಗಾಡಿ ಅಲ್ಲ" ಅನ್ನುವ ಆ ಮಾತು ನಮ್ಮನ್ನು ಊರಿಗೆ ಬಂದ ಮೇಲೂ ಬಿಡಲಿಲ್ಲ. ಯಾರೂ ಆಕೆಯ ಜಾತಿ ಕೇಳಲಿಲ್ಲ. ಯಾರೂ ದೂರ ನಿಲ್ಲು ಅನ್ನಲಿಲ್ಲ. ಆದರೂ ತಾನೇ ದೂರ ನಿಂತಳು. ನಮ್ಮೂರಲ್ಲಿ ಭಾವಿಯ ಹತ್ತಿರ ನಮ್ಮಜ್ಜಿ ನಿಲ್ಲುತ್ತಿದ್ದುದೂ ಹಾಗೇ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈಗ ರೈಲಿನ ಕಥೆಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಈ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 34 ಕಿಲೋಮೀಟರು ದಾರಿ. 1925ರ ಫೆಬ್ರವರಿ 3ರಂದು ಅದೇ ಮುಂಬೈಯಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ, ದೇಶದ ಮೊದಲ ವಿದ್ಯುತ್ ರೈಲು ಓಡಿತು. ಇವತ್ತು ಮುಂಬೈಯ ಲೋಕಲುಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ.

ರೈಲು ಬಂದಾಗ ಮೇಲು ಜಾತಿಯವರಿಗೆ ಒಂದು ದಿಗಿಲು ಹುಟ್ಟಿತು. ಪಕ್ಕದಲ್ಲಿ ಯಾರು ಬಂದು ಕೂರುತ್ತಾರೋ? ಕಂಪನಿಯವರು ಜಾತಿಗೊಂದು ಡಬ್ಬಿ ಜೋಡಿಸಲಿಲ್ಲ. ಕಾಸಿಗೊಂದು ಡಬ್ಬಿ ಜೋಡಿಸಿದರು. ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು. ಅದು ಬಿಳಿಯರ ದೊಡ್ಡತನ ಅಂತ ನಾವು ಹೇಳೋದಿಲ್ಲ. ಅವರದ್ದು ಲಾಭದ ಲೆಕ್ಕ. ಆದರೂ ಆ ಮೂರನೇ ಕ್ಲಾಸಿನ ಇಕ್ಕಟ್ಟಿನಲ್ಲಿ ನಮ್ಮವರ ಹೆಗಲು ಬೇರೆಯವರ ಹೆಗಲಿಗೆ ತಗುಲಿತು. ಊರಲ್ಲಿ ನೆರಳು ಬಿದ್ದರೆ ಮೈಲಿಗೆ ಅಂದವನು ರೈಲಿನಲ್ಲಿ ನಮ್ಮ ತೊಡೆಗೆ ತೊಡೆ ತಾಗಿಸಿ ಕೂತ.

ಬಾಬಾಸಾಹೇಬರು ತಮ್ಮ ಬಾಲ್ಯದ ಒಂದು ಘಟನೆ ಬರೆದಿಟ್ಟಿದ್ದಾರೆ. 1901ನೇ ಇಸವಿ. ಸಾತಾರಾದಿಂದ ಮಕ್ಕಳೆಲ್ಲ ಸೇರಿ, ತಂದೆ ಕೆಲಸದಲ್ಲಿದ್ದ ಊರಿಗೆ ಹೊರಟಿದ್ದರು. ರೈಲಿನಲ್ಲಿ ಬಂದು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೇ ಬಟ್ಟೆ ಹಾಕಿದ್ದ ಹುಡುಗರು. ಸ್ಟೇಷನ್ ಮಾಸ್ತರ ಬ್ರಾಹ್ಮಣರ ಮಕ್ಕಳೆಂದುಕೊಂಡು ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖವೇ ಬದಲಾಯಿತು. ಗಾಡಿ ಹೊಡೆಯುವವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳು ತಾವೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ.

ಈ ಘಟನೆಯನ್ನು ನಾವು ಎಷ್ಟೋ ಸಲ ಓದಿದ್ದೀವಿ. ಆದರೆ ಮುಂಬೈಯಿಂದ ಬಂದ ಮೇಲೆ ಓದಿದಾಗ ಒಂದು ವಿಷಯ ಹೊಸದಾಗಿ ಕಂಡಿತು. ಆ ಮಕ್ಕಳು ಟಿಕೇಟು ಕೊಂಡು ರೈಲಿನಲ್ಲಿ ಬಂದರು. ಅವಮಾನ ಶುರುವಾದದ್ದು ರೈಲಿನಿಂದ ಇಳಿದ ಮೇಲೆ. ಎತ್ತಿನ ಗಾಡಿ ಜಾತಿ ಕೇಳಿತು, ರೈಲು ಗಾಡಿ ಟಿಕೇಟು ಮಾತ್ರ ಕೇಳಿತು. ಎಲ್ಲರಿಗೂ ಸೇರಿದ ರೈಲು ಅಂದರೆ ನಮಗೆ ಎಷ್ಟು ದೊಡ್ಡದು ಅನ್ನೋದು ಇದರಿಂದ ತಿಳೀಬೇಕು. ಟಿಕೇಟೇ ಕೈಗೆ ಸಿಗದಷ್ಟು ಎತ್ತರಕ್ಕೆ ಹೋದರೆ, ಅದು ಮತ್ತೆ ಜಾತಿ ಕೇಳಿದ ಹಾಗೆಯೇ. ಯಾಕೆಂದರೆ ಈ ದೇಶದಲ್ಲಿ ಯಾರ ಜೇಬು ಖಾಲಿ ಇರುತ್ತದೆ ಅನ್ನೋದನ್ನು ಜಾತಿ ಮೊದಲೇ ಬರೆದಿಟ್ಟಿದೆ.

ಮುಂಬೈಯ ಮೊದಲ ಎಸಿ ಲೋಕಲ್ ಪಶ್ಚಿಮ ರೈಲ್ವೆಯಲ್ಲಿ ಬೋರಿವಲಿಯಿಂದ ಚರ್ಚ್‌ಗೇಟಿಗೆ ಓಡಿದ್ದು 2017ರ ಡಿಸೆಂಬರ್ 25ರಂದು. 12 ಡಬ್ಬಿಯ ಆ ರೈಲನ್ನು ಮದ್ರಾಸಿನ ಪೆರಂಬೂರು ಕಾರ್ಖಾನೆಯಲ್ಲಿ ಕಟ್ಟಿದ್ದರು. ಕೂರೋಕೆ 1,028 ಜನಕ್ಕೆ ಜಾಗ, ನಿಲ್ಲೋದು ಸೇರಿ ಸುಮಾರು 6,000 ಜನ ಎಂದು ಲೆಕ್ಕ. ಅದು ಮುಂಬೈಗೆ ಬಂದದ್ದು 2016ರಲ್ಲೇ. ಮೊದಲು ಮಧ್ಯ ರೈಲ್ವೆಯಲ್ಲಿ ಓಡಿಸಬೇಕು ಅಂದುಕೊಂಡಿದ್ದರು. ಆದರೆ ಅಲ್ಲಿನ ಹಳೇ ತಗ್ಗು ಸೇತುವೆಗಳ ಕೆಳಗೆ ಹಾಯಲಾರದಷ್ಟು ಅದರ ಎತ್ತರ ಹೆಚ್ಚಾಗಿತ್ತು. ಅದಕ್ಕೇ ಪಶ್ಚಿಮ ರೈಲ್ವೆಗೆ ಕೊಟ್ಟರು. ಸೇತುವೆಯ ಎತ್ತರವನ್ನು ತಡವಾಗಿಯಾದರೂ ಅಳೆದರು. ಜನರ ಜೇಬಿನ ಆಳವನ್ನು ಅಳೆದರೋ ಇಲ್ಲವೋ?

ಅಳೆಯಲಿಲ್ಲ ಅನ್ನೋದಕ್ಕೆ ಸಾಕ್ಷಿ ಇದೆ. ಮೊದಮೊದಲು ಆ ರೈಲುಗಳು ಸಾಕಷ್ಟು ಖಾಲಿ ಓಡಿದವು. ಪಕ್ಕದ ಹಳಿಯಲ್ಲಿ ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದಾಗ ತಣ್ಣನೆಯ ರೈಲು ಸೀಟು ಖಾಲಿ ಇಟ್ಟುಕೊಂಡು ಹೋಗುತ್ತಿತ್ತು. ಕಡೆಗೆ 2022ರ ಮೇ ತಿಂಗಳಲ್ಲಿ ಒಂದು ಸಲದ ಟಿಕೇಟಿನ ದರವನ್ನು ಅರ್ಧಕ್ಕೆ ಇಳಿಸಿದರು. 25 ಕಿಲೋಮೀಟರಿಗೆ 135 ರೂಪಾಯಿ ಇದ್ದದ್ದು 65 ಆಯಿತು. ದರ ಇಳಿದ ಮೇಲೆ ಜನ ಹತ್ತಿದರು. ಅಂದರೆ ಜನಕ್ಕೆ ತಂಪು ಬೇಡವಾಗಿರಲಿಲ್ಲ, ಆ ದರ ಬೇಡವಾಗಿತ್ತು. ಆದರೆ ಅಷ್ಟೇ ದೂರಕ್ಕೆ ಸಾದಾ ಎರಡನೇ ಕ್ಲಾಸಿನ ಟಿಕೇಟು ಹತ್ತು ಹದಿನೈದು ರೂಪಾಯಿ ಮೀರುವುದಿಲ್ಲ. ಪಾಸಿನ ಮಾತಂತೂ ಕೇಳೋದೇ ಬೇಡ, ಸಾದಾ ಪಾಸಿನ ಹಲವು ಪಟ್ಟು. ನಮ್ಮ ಚಿಗವ್ವನ ಲೆಕ್ಕ ಹೀಗಿದೆ: "ಎಸಿ ಪಾಸ್ ತಗದರ ಜ್ವಾಳ ಬಿಡಬೇಕು. ಜ್ವಾಳ ತಗೊಂಡ್ರ ಪಾಸ್ ಬಿಡಬೇಕು."

"ಬೇಡವಾದವರು ಹತ್ತಬೇಡಿ, ಸಾದಾ ರೈಲು ಇದೆಯಲ್ಲ" ಅಂತ ಸೂಟಿನವರು ಹೇಳ್ತಾರೆ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಅದನ್ನು ತಿಳಿದುಕೊಳ್ಳದೆ ಈ ಇಡೀ ಜಗಳ ಅರ್ಥವಾಗುವುದಿಲ್ಲ. ಹಳಿಗಳು ಇರುವಷ್ಟೇ ಇವೆ. ಬೆಳಗಿನ ಗದ್ದಲದ ಹೊತ್ತಲ್ಲಿ ಒಂದರ ಹಿಂದೆ ಒಂದು ಮೂರು ನಾಲ್ಕು ನಿಮಿಷಕ್ಕೊಂದು ರೈಲು ಓಡುತ್ತಿರುತ್ತದೆ. ನಡುವೆ ಇನ್ನೊಂದನ್ನು ತೂರಿಸೋಕೆ ಜಾಗವೇ ಇಲ್ಲ. ಆದ್ದರಿಂದ ಒಂದು ಎಸಿ ರೈಲು ಓಡಬೇಕಾದರೆ ಆ ಹೊತ್ತಿನ ಒಂದು ಸಾದಾ ರೈಲನ್ನು ತೆಗೆಯಬೇಕು. ಹೊಸದು ಬಂತು ಅಂತ ಬಾವುಟ ಬೀಸುವವರು ಹಳೆಯದು ಹೋಯಿತು ಅಂತ ಹೇಳೋದಿಲ್ಲ. ಸುಮಾರು 3,200 ದಿನದ ಓಡಾಟದಲ್ಲಿ 2025ರ ಏಪ್ರಿಲ್ ಹೊತ್ತಿಗೆ ಎಸಿ ಓಡಾಟ 190ರ ಹತ್ತಿರ ಬಂದಿತ್ತು. ಲೆಕ್ಕಕ್ಕೆ ಇದು ಕಡಿಮೆ ಅನ್ನಿಸಬಹುದು. ಆದರೆ ನಿಮ್ಮ ಕೆಲಸದ ಹೊತ್ತಿನ ಒಂದೇ ಒಂದು ರೈಲು ಹೋದರೆ ನಿಮ್ಮ ಪಾಲಿಗೆ ಹೋದದ್ದು ಆ ದಿನದ ಅರ್ಧ ಪಗಾರ.

ಇದನ್ನು ಮೊದಲು ಎದ್ದು ನಿಂತು ಹೇಳಿದವರು ಮುಂಬೈಯ ಹೊರವಲಯದ ಜನ. 2022ರ ಆಗಸ್ಟ್ 19ರಂದು ಮಧ್ಯ ರೈಲ್ವೆ ಹತ್ತು ಎಸಿ ಓಡಾಟ ಹೆಚ್ಚಿಸಿತು, ಸಾದಾ ರೈಲುಗಳ ಜಾಗದಲ್ಲಿ. ಅವತ್ತೇ ಕಳವಾದಲ್ಲಿ ಪ್ರಯಾಣಿಕರು ಹಳಿಗಿಳಿದು ಎಸಿ ರೈಲನ್ನು ತಡೆದರು. ಮುಂದಿನ ವಾರ ಬದಲಾಪುರದಲ್ಲೂ ಜನ ಸಿಡಿದರು. ಅವರ ಹಿಂದೆ ಯಾವ ದೊಡ್ಡ ಪತ್ರಿಕೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ಒಂದೇ ಬಾಗಿಲಿಗೆ ಜೋತುಬೀಳುವವರು ಒಬ್ಬರ ಮುಖ ಒಬ್ಬರು ನೋಡಿ ಎದ್ದವರು. ಆಗಸ್ಟ್ 25ರಿಂದ ಆ ಹತ್ತೂ ಓಡಾಟಗಳನ್ನು ರೈಲ್ವೆ ಹಿಂತೆಗೆದುಕೊಂಡಿತು. ಒಂದೇ ವಾರ. ಬೇಡಿದರೆ ಸಿಗದ್ದು ತಡೆದು ನಿಂತರೆ ಸಿಗುತ್ತದೆ ಅನ್ನೋದನ್ನು ನಾವು ಇದರಿಂದ ಕಲೀಬೇಕು. ಅವರನ್ನು ಪ್ರಗತಿಗೆ ಅಡ್ಡ ಬಂದವರು ಅಂತ ಬೈದವರೂ ಇದ್ದಾರೆ. ಕೆರೆಯ ನೀರು ಮುಟ್ಟಿದವರನ್ನೂ ಹಿಂದೆ ಹೀಗೇ ಬೈದಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಬರೆಯೋದು ಸುಲಭ ಇತ್ತು. "ಎಸಿ ರೈಲು ಶ್ರೀಮಂತರದ್ದು, ಬೇಡ" ಅಂತ ಒಂದು ಘೋಷಣೆ ಬರೆದು ಮುಗಿಸಬಹುದಿತ್ತು. ಆದರೆ 2025ರ ಜೂನ್ 9 ನಮ್ಮನ್ನು ಹಾಗೆ ಬಿಡಲಿಲ್ಲ.

ಅವತ್ತು ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎದುರುಬದುರಾಗಿ ಎರಡು ಲೋಕಲುಗಳು ಹಾದುಹೋದವು. ಎರಡರ ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಮೆಟ್ಟಿಲ ಮೇಲೆ ನಿಂತವರು ಒಬ್ಬರಿಗೊಬ್ಬರು ತಾಗಿ ಹಳಿಗೆ ಬಿದ್ದರು. ಹತ್ತಕ್ಕಿಂತ ಹೆಚ್ಚು ಜನ ಬಿದ್ದರು, ಅವತ್ತೇ ನಾಲ್ಕು ಜನ ಸತ್ತರು. ಕೆಲಸಕ್ಕೆ ಹೊರಟವರು. ಬುತ್ತಿ ಕಟ್ಟಿಕೊಂಡು ಹೋದವರು.

ಇದು ಅಪರೂಪದ ಸಾವೂ ಅಲ್ಲ. ಮುಂಬೈಯ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೆಚ್ಚಿನವರು ಹಳಿ ದಾಟುವಾಗ. ನೂರಾರು ಜನ ಓಡುವ ರೈಲಿನಿಂದ ಬಿದ್ದು. ಗದ್ದಲದ ಹೊತ್ತಲ್ಲಿ ಒಂದು ಚದರ ಮೀಟರು ನೆಲದ ಮೇಲೆ 14ರಿಂದ 16 ಜನ ನಿಲ್ಲುತ್ತಾರೆ ಅಂತ ರೈಲ್ವೆಯವರೇ ಲೆಕ್ಕ ಹಾಕಿ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. ಒಂದು ಚದರ ಮೀಟರು ಅಂದರೆ ಒಂದು ಸಣ್ಣ ಚಾಪೆಯ ಅರ್ಧ. ಅದರ ಮೇಲೆ ಹದಿನಾಲ್ಕು ಜನ. ದನಗಳನ್ನು ಲಾರಿಗೆ ತುಂಬುವವರೂ ಹೀಗೆ ತುಂಬೋದಿಲ್ಲ.

"ಅವರು ಯಾಕೆ ಬಾಗಿಲಲ್ಲಿ ನಿಲ್ಲಬೇಕು? ಗಾಳಿಗೆ, ಶೋಕಿಗೆ ನಿಲ್ತಾರೆ" ಅಂತ ಹೇಳುವವರಿದ್ದಾರೆ. ಹಾಗೆ ನಿಲ್ಲುವ ಹುಡುಗರು ಇಲ್ಲವೆಂದಲ್ಲ. ಆದರೆ ಐವತ್ತು ವರ್ಷದ ನಮ್ಮ ಚಿಗವ್ವ ಒಂದೇ ಕಾಲಿನ ಮೇಲೆ ಶೋಕಿಗೆ ನಿಂತಿದ್ದಳೇ? ಒಳಗೆ ಜಾಗವಿಲ್ಲ. ರೈಲು ಬಿಟ್ಟರೆ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಬಾಗಿಲಲ್ಲಿ ನಿಲ್ಲಿಸಿದ್ದು ಈ ಮೂರು "ಇಲ್ಲ"ಗಳು.

ಆದ್ದರಿಂದ ಬಂಧುಗಳೇ, ನಾವು ಮುಚ್ಚುವ ಬಾಗಿಲಿಗೆ ವಿರೋಧಿಗಳಲ್ಲ. ಮುಚ್ಚುವ ಬಾಗಿಲು ಜೀವ ಉಳಿಸುತ್ತದೆ. ನಮ್ಮ ತಕರಾರು ಇಷ್ಟೇ: ಜೀವ ಉಳಿಸುವ ಬಾಗಿಲನ್ನು ಹೆಚ್ಚು ದುಡ್ಡು ಕೊಟ್ಟವನಿಗೆ ಮಾತ್ರ ಯಾಕೆ ಹಾಕಿದಿರಿ? ಬೀಳುವ ಜನ ಇದ್ದದ್ದು ಸಾದಾ ರೈಲಿನಲ್ಲಿ. ಬಾಗಿಲು ಬಂದದ್ದು ಎಸಿ ರೈಲಿಗೆ. ಗಾಯ ಒಬ್ಬನಿಗೆ, ಪಟ್ಟಿ ಇನ್ನೊಬ್ಬನಿಗೆ.

ಇದಕ್ಕೆ ಇಷ್ಟು ದಿನ ಸಿದ್ಧವಾಗಿದ್ದ ಉತ್ತರ ಒಂದಿತ್ತು. ಸಾದಾ ರೈಲಿನ ಬಾಗಿಲು ಮುಚ್ಚಿದರೆ ಒಳಗಿನವರಿಗೆ ಉಸಿರು ಕಟ್ಟುತ್ತದೆ, ಹಾಗಾಗಿ ಆಗೋದಿಲ್ಲ ಅನ್ನೋದು. ಮಾತು ಸುಳ್ಳಲ್ಲ. ಅಷ್ಟು ಜನ ಇರುವಾಗ ಗಾಳಿ ಬೇಕೇ ಬೇಕು. ಆದರೆ ಮುಂಬ್ರಾದಲ್ಲಿ ಹೆಣ ಬಿದ್ದ ಮೇಲೆ ಅದೇ ರೈಲ್ವೆಯವರು ಏನು ಹೇಳಿದರು? ಎಸಿ ಇಲ್ಲದ ರೈಲಿಗೂ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಅಂದರು. ಬಾಗಿಲಿಗೆ ಗಾಳಿ ಆಡುವ ಹಾಗೆ ಸೀಳು ಪಟ್ಟಿ ಇಡುತ್ತೇವೆ, ಚಾವಣಿಯ ಮೇಲಿನಿಂದ ಗಾಳಿ ತುಂಬುವ ಯಂತ್ರ ಕೂರಿಸುತ್ತೇವೆ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಜನ ಹರಿದಾಡುವ ಹಾಗೆ ನಡುವೆ ದಾರಿ ಬಿಡುತ್ತೇವೆ ಅಂದರು. ಆಗೋದಿಲ್ಲ ಅಂದದ್ದು ಹೇಗೆ ಒಂದೇ ದಿನದಲ್ಲಿ ಆಗುತ್ತದೆ ಅಂತಾಯಿತು? ಮೊದಲ ವಿದ್ಯುತ್ ಲೋಕಲ್ ಓಡಿ ನೂರು ವರ್ಷ ಆದ ವರ್ಷವೇ ಈ ಜ್ಞಾನೋದಯ. ನೂರು ವರ್ಷ ಬಾಗಿಲು ತೆರೆದೇ ಇತ್ತು. ಗಾಳಿಯೂ ಬಂತು, ಸಾವೂ ಬಂತು. ಬಡವರ ಬಾಗಿಲಿನ ಬಗ್ಗೆ ಯೋಚಿಸೋಕೆ ಯಾರಿಗೂ ಪುರಸೊತ್ತಿರಲಿಲ್ಲ.

ನಮ್ಮ ಸಭೆಯಲ್ಲಿ ಈ ವಿಷಯ ಬಂದಾಗ ಗೆಳೆಯನೊಬ್ಬ ಎದ್ದು ನಿಂತು ಕೇಳಿದ: "ಯಾಕ್ರೋ, ನಮ್ಮವರು ಯಾವಾಗಲೂ ಬೆವರಲ್ಲೇ ಹೋಗಬೇಕೇನು? ಓದಿದ ನಮ್ಮ ಹುಡುಗ ಕ್ಲರ್ಕಾಗಿ ಎಸಿ ಪಾಸು ತಗೊಂಡು ಇಸ್ತ್ರಿ ಅಂಗಿ ಕೆಡದ ಹಾಗೆ ಆಫೀಸಿಗೆ ಹೋದರೆ ನಿಮಗೆ ಹೊಟ್ಟೆ ಉರಿಯಾ?" ಒಳ್ಳೇ ಪ್ರಶ್ನೆ. ನಾವು ಸುಮ್ಮನೆ ತಳ್ಳಿಹಾಕೋದಿಲ್ಲ. ಇಸ್ತ್ರಿ ಅಂಗಿ ನಮ್ಮ ಹೋರಾಟದ್ದೇ ಗಳಿಕೆ. ಗದ್ದಲದಲ್ಲಿ ಮೈ ಮುಟ್ಟುವವರ ಕಾಟದಿಂದ ತಪ್ಪಿಸಿಕೊಳ್ಳೋಕೆ ಹೊಟ್ಟೆ ಬಟ್ಟೆ ಕಟ್ಟಿ ಎಸಿ ರೈಲು ಹತ್ತುವ ಹೆಣ್ಣುಮಕ್ಕಳೂ ಇದ್ದಾರೆ. ಅವರು ನಮ್ಮ ಶತ್ರುಗಳಲ್ಲ. ನಮಗೆ ತಂಪು ಬೇಕು. ಆದರೆ ಹತ್ತು ಜನರಲ್ಲಿ ಒಬ್ಬ ಒಳಗೆ ಹೋಗಿ ಒಂಬತ್ತು ಜನ ಹೊರಗೆ ನಿಲ್ಲುವ ತಂಪು ಬೇಡ. ಒಬ್ಬನನ್ನು ಗುಡಿಯೊಳಗೆ ಬಿಟ್ಟು "ನೋಡಿ, ಬಿಟ್ಟೆವಲ್ಲ" ಅಂತ ಉಳಿದವರ ಬಾಯಿ ಮುಚ್ಚಿಸುವ ಆಟ ನಮಗೆ ಗೊತ್ತಿದೆ.

ಮುಂದೆ ಬರುವುದು ದೊಡ್ಡ ಖರೀದಿ. ಮುಂಬೈಗೆ 238 ಎಸಿ ರೈಲು, ಒಟ್ಟು 2,856 ಡಬ್ಬಿ ತರುವ ಯೋಜನೆ ಇದೆ. ಅವೆಲ್ಲ ಬಂದರೆ ಸಾದಾ ರೈಲಿನ ಜಾಗವನ್ನು ಹೆಚ್ಚುಕಡಿಮೆ ಅವೇ ಹಿಡಿಯುತ್ತವೆ. ಆಗ "ಅದು ಹೋದ ಮ್ಯಾಲ ಬರ್ತದಲ್ಲ, ಅದು ನಮ್ದು" ಅನ್ನೋಕೂ ಒಂದು ಗಾಡಿ ಉಳಿಯೋದಿಲ್ಲ. ದರ ಏರಿಸದೆ ಎಸಿ ರೈಲು ಕೊಡುತ್ತೇವೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳು 2025ರಲ್ಲಿ ಹೇಳಿದ್ದಾರೆ. ಮಾತು ಒಳ್ಳೆಯದು. ಆದರೆ ಭಾಷಣದ ಮಾತಿಗೆ ಟಿಕೇಟು ಕೊಡುವವರು ಯಾರೂ ಇಲ್ಲ. ಅದು ಕಾಗದಕ್ಕೆ ಬರಬೇಕು, ದರಪಟ್ಟಿಗೆ ಬರಬೇಕು. ರೈಲು ಬಂದ ಮೇಲೆ ಕೇಳಿದರೆ "ಖರ್ಚಾಗಿಬಿಟ್ಟಿದೆ" ಅಂತಾರೆ. ಕೇಳುವ ಹೊತ್ತು ಇದೇ.

"ತಂಪಿಗೆ ಖರ್ಚಾಗುತ್ತೆ, ಅದನ್ನು ಯಾರು ಕೊಡಬೇಕು?" ಅಂತ ಅರ್ಥಶಾಸ್ತ್ರ ಓದಿದವರು ಕೇಳ್ತಾರೆ. ಸರಿ, ನಾವೂ ಕೇಳ್ತೀವಿ. ಚಿಗವ್ವ ಬೆಳಿಗ್ಗೆ ಆರಕ್ಕೆ ಹೋಗಿ ಕಸ ಹೊಡೆಯದಿದ್ದರೆ ಹತ್ತಕ್ಕೆ ಆಫೀಸಿನ ಸಾಹೇಬ ಎಲ್ಲಿ ಕೂರುತ್ತಾನೆ? ಆಕೆಯನ್ನು ಅಲ್ಲಿಗೆ ತಂದು ಮುಟ್ಟಿಸುವ ರೈಲಿನ ಲಾಭ ಉಣ್ಣುವವರು ಯಾರು? ಲೋಕಲ್ ರೈಲಿನ ಟಿಕೇಟು ಅಗ್ಗ ಇರೋದು ಬಡವರಿಗೆ ಕೊಟ್ಟ ಭಿಕ್ಷೆ ಅಂತ ತಿಳೀಬೇಡಿ. ಇಡೀ ನಗರ ಅಗ್ಗದ ಕೂಲಿಯ ಮೇಲೆ ನಿಂತಿದೆ. ಆ ಅಗ್ಗದ ಕೂಲಿ ಅಗ್ಗದ ಟಿಕೇಟಿನ ಮೇಲೆ ನಿಂತಿದೆ. ತಂಪಿನ ಖರ್ಚನ್ನು ಆ ನಗರದಿಂದ ಬದುಕುವ ಕಂಪನಿಗಳು ಕೊಡಲಿ, ಸರ್ಕಾರ ಕೊಡಲಿ.

ಇನ್ನೊಂದು ಮಾತು, ಬುಟ್ಟಿಯ ಮಾತು. ಸಾದಾ ಲೋಕಲಿನಲ್ಲಿ ಲಗೇಜು ಡಬ್ಬಿ ಅಂತ ಇರುತ್ತದೆ. ಮೀನು ಮಾರುವ ಕೋಳಿ ಹೆಂಗಸರು, ತರಕಾರಿ ಗಂಟಿನವರು, ಊಟದ ಡಬ್ಬಿ ಹೊರುವವರು ಅದರಲ್ಲಿ ಹೋಗುತ್ತಾರೆ. ಆರಂಭದಲ್ಲಿ ಬಂದ ಎಸಿ ರೈಲುಗಳಲ್ಲಿ ಆ ಡಬ್ಬಿಯೇ ಇರಲಿಲ್ಲ. ರೈಲಿನ ನಕ್ಷೆ ಬರೆದ ಬುದ್ಧಿವಂತರಿಗೆ ಬುಟ್ಟಿ ನೆನಪಾಗಲಿಲ್ಲ. ಯಾಕೆಂದರೆ ಅವರ ಮನೆಯಲ್ಲಿ ಯಾರೂ ಬುಟ್ಟಿ ಹೊತ್ತವರಲ್ಲ. ಬುಟ್ಟಿಗೆ ಜಾಗವಿಲ್ಲದ ಕಡೆ ಬುಟ್ಟಿ ಹೊತ್ತವಳಿಗೂ ಜಾಗವಿಲ್ಲ. ಇದನ್ನು ಮರೆವು ಅಂತ ಬೇಕಾದರೆ ಕರೆಯಿರಿ. ನಮ್ಮನ್ನು ಮರೆಯುವುದೇ ಒಂದು ಪದ್ಧತಿ ಅಂತ ನಾವು ಕರೀತೀವಿ.

ಇದನ್ನೆಲ್ಲ ಮುಂಬೈಯ ತಲೆನೋವು ಅಂತ ಬೆಂಗಳೂರಿನ ಗೆಳೆಯರು ಪಕ್ಕಕ್ಕಿಡಬಾರದು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ತಲೆ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು, ಕೈಯಲ್ಲಿ ಟಿಕೇಟಿದ್ದರೂ, ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಜೊತೆಯ ಪ್ರಯಾಣಿಕರು ಜಗಳಕ್ಕೆ ನಿಂತು ಅವನನ್ನು ಒಳಗೆ ಕರೆದೊಯ್ದರು. ವಿಡಿಯೋ ಹರಡಿದ ಮೇಲೆ ತಡೆದವನನ್ನು ಕೆಲಸದಿಂದ ತೆಗೆದರು. ಆ ಪ್ರಯಾಣಿಕರಿಗೆ ನಮ್ಮ ನಮಸ್ಕಾರ. ಆದರೆ ಒಬ್ಬ ಕಾವಲುಗಾರನನ್ನು ತೆಗೆದರೆ ಮುಗಿಯಿತೇ? ಮರುವರ್ಷ, 2025ರ ಫೆಬ್ರವರಿಯಲ್ಲಿ ಅದೇ ಮೆಟ್ರೋದ ದರ ಏರಿತು. ಹೆಚ್ಚೆಂದರೆ 60 ಇದ್ದದ್ದು 90 ರೂಪಾಯಿ ಆಯಿತು. ಕೊಳೆ ಬಟ್ಟೆಯವನನ್ನು ತಡೆಯೋಕೆ ಈಗ ಕಾವಲುಗಾರ ಬೇಕಿಲ್ಲ. ದರಪಟ್ಟಿಯೇ ತಡೆಯುತ್ತದೆ. ಅದನ್ನು ಯಾರೂ ಕೆಲಸದಿಂದ ತೆಗೆಯೋದಿಲ್ಲ.

ಬೆಂಗಳೂರಿಗೆ 148 ಕಿಲೋಮೀಟರಿನ ಉಪನಗರ ರೈಲು ಬರಲಿದೆ. 2022ರ ಜೂನಿನಲ್ಲಿ ಅಡಿಗಲ್ಲು ಹಾಕಿದ್ದಾರೆ. ಕೆಲಸ ಕುಂಟುತ್ತಾ ನಡೆದಿದೆ. ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪೌರಕಾರ್ಮಿಕರು, ಗಾರೆ ಕೆಲಸದವರು ದೂರದ ಊರುಗಳಿಂದ ಬರೋಕೆ ಅದೇ ಆಧಾರವಾಗಬೇಕು. ರೈಲಿನ ಬಣ್ಣ ಯಾವುದು, ವೇಗ ಎಷ್ಟು ಅಂತ ಪತ್ರಿಕೆಯವರು ಕೇಳಲಿ. ನಾವು ಬೇರೆ ಪ್ರಶ್ನೆ ಕೇಳೋಣ. ಟಿಕೇಟು ಎಷ್ಟು? ಬೆಳಿಗ್ಗೆ ಐದಕ್ಕೆ ರೈಲು ಇದೆಯಾ? ಬುಟ್ಟಿಗೆ ಜಾಗ ಇದೆಯಾ? ಮುಂಬೈಯವರು ರೈಲು ಬಂದ ಮೇಲೆ ಹಳಿಗಿಳಿಯಬೇಕಾಯಿತು. ನಾವು ನಕ್ಷೆ ಬರೆಯುವಾಗಲೇ ಇಳಿಯೋಣ.

ಕೊನೆಗೆ, ಸಭೆಗಳಲ್ಲಿ ಚರ್ಚೆ ಮಾಡೋಕೆ ನಮ್ಮ ಬೇಡಿಕೆಗಳನ್ನು ಇಲ್ಲಿ ಬರೆದಿದ್ದೀವಿ.

1. ಮುಚ್ಚುವ ಬಾಗಿಲು ಮೊದಲು ಸಾದಾ ದರದ ರೈಲಿಗೆ ಬರಬೇಕು. ಜೀವದ ರಕ್ಷಣೆಗೆ ಬೇರೆ ಟಿಕೇಟು ಇರಕೂಡದು.

2. ಹೊಸ ಎಸಿ ರೈಲುಗಳಲ್ಲಿ ಇವತ್ತಿನ ಎರಡನೇ ಕ್ಲಾಸಿನ ದರವೇ ಇರಬೇಕು. ಅದು ಆಗುವವರೆಗೆ ಒಂದು ಸಾದಾ ರೈಲನ್ನೂ ತೆಗೆಯಕೂಡದು.

3. ಪ್ರತಿ ರೈಲಿನಲ್ಲಿ ಬುಟ್ಟಿ ಹೊತ್ತವರಿಗೆ ಡಬ್ಬಿ ಇರಬೇಕು.

4. ಬೆಂಗಳೂರಿನ ಉಪನಗರ ರೈಲಿನ ದರವನ್ನು ರೈಲು ಕೊಳ್ಳುವ ಮೊದಲೇ ಜನರ ಮುಂದಿಟ್ಟು ತೀರ್ಮಾನ ಮಾಡಬೇಕು.

ಊರಿಗೆ ಹೊರಡುವ ದಿನ ಚಿಗವ್ವ ಬುತ್ತಿ ಕಟ್ಟಿಕೊಟ್ಟಳು. "ಒಂದಿನ ಆ ತಂಪನ ಗಾಡ್ಯಾಗ ಕುಂತು ಹೋಗಬೇಕಂತ ಆಸಿ ಅದ ನೋಡು. ಕುಂತು. ನಿಂತಲ್ಲ" ಅಂತ ನಗುತ್ತಾ ಹೇಳಿದಳು. ಮೂವತ್ತು ವರ್ಷ ದಿನಾ ರೈಲಿನಲ್ಲಿ ಓಡಾಡಿದ ಹೆಂಗಸಿನ ಆಸೆ ಇಷ್ಟೇ. ಒಂದು ಸೀಟು. ಅದನ್ನು ದಾನವಾಗಿ ಕೊಡಿ ಅಂತ ನಾವು ಕೇಳುತ್ತಿಲ್ಲ. ಆ ಗಾಡಿ ಆಕೆಯದ್ದೇ. ಅದು ಗೊತ್ತಾಗಬೇಕಾದ್ದು ರೈಲ್ವೆಯವರಿಗೆ ಮಾತ್ರವಲ್ಲ. ನಮ್ಮ ಚಿಗವ್ವನಿಗೂ ಗೊತ್ತಾಗಬೇಕು. "ಅದು ನಮ್ಮ ಗಾಡಿ ಅಲ್ಲ" ಅನ್ನೋ ಮಾತು ಆಕೆಯ ಬಾಯಿಂದ ಹೋಗೋವರೆಗೆ ನಮಗೆ ಕೆಲಸ ಇದೆ.